ಏಳು ಕೆಜಿ

ಮೂವತ್ತೊಂದು ವರ್ಷ ಬೆಲ್ಲ ತೂಗಿದ ಕೈ ನನ್ನದು.
ಮಂಡ್ಯದ ಮಾರ್ಕೆಟ್ ಯಾರ್ಡಿನಲ್ಲಿ
ಬಕೆಟ್ ಬೆಲ್ಲ, ಅಚ್ಚು ಬೆಲ್ಲ, ಕುರಿಕಾಲಚ್ಚು,
ಎತ್ತಿದರೆ ಸಾಕು, ಹೇಳಿಬಿಡುತ್ತೇನೆ
ಹತ್ತಿಪ್ಪತ್ತು ಗ್ರಾಂ ಆಚೀಚೆ.
ಬೆಕ್ಕನ್ನು ಮಾತ್ರ ಎಂದೂ ತೂಗಿರಲಿಲ್ಲ.
ಯಾರು ತೂಗುತ್ತಾರೆ ಬೆಕ್ಕನ್ನು?
ತಾನಾಗಿ ಬಂದು ತೊಡೆಯ ಮೇಲೆ ಕೂರುತ್ತದೆ,
ಎದ್ದು ಹೋದರೆ ತೊಡೆ ತಣ್ಣಗಾಗುತ್ತದೆ, ಅಷ್ಟೇ ಲೆಕ್ಕ.

ಫೋನಿನಲ್ಲಿ ಪುಷ್ಪಲತಾ:
"ಬೀರು ಬಂತು, ಹೊಲಿಗೆ ಮಿಷನ್ನೂ ಬಂತು,
ಅಚ್ಚು ಒಂದು ಬರಲಿಲ್ಲ ಕಣಣ್ಣ."

ನಲವತ್ತಾರಕ್ಕೆ ಮದುವೆಯಾದ ತಂಗಿ.
ಬೇಡ ಬೇಡ ಎನ್ನುತ್ತಲೇ ಇದ್ದವಳು ಒಂದು ಬೆಳಿಗ್ಗೆ
ಒಗೆದ ಬಟ್ಟೆ ಹಿಂಡುತ್ತಾ, ತಿರುಗಿಯೂ ನೋಡದೆ
"ಆಗ್ತೀನಿ" ಅಂದಳು.
ಪೆರಂಬೂರಿನಲ್ಲಿ ಮನೆ. ಗಂಡನಿಗೆ ಕನ್ನಡ ಬಾರದು,
ಇವಳಿಗೆ ತಮಿಳು ಬಾರದು,
ಬೆಕ್ಕಿಗೆ ಎರಡೂ ಬೇಡ.

ರೈಲಿಗೆ ಒಯ್ದಿದ್ದೆ ಒಮ್ಮೆ.
ಎಂಜಿನ್ನು ಕೂಗಿದ್ದೇ ತಡ, ಬುಟ್ಟಿ ಹರಿದುಕೊಂಡು
ಸಕ್ಕರೆ ಕಾರ್ಖಾನೆಯ ಕಡೆ ಹಾರಿತು,
ಮೂರು ದಿನ ಹುಡುಕಿದೆ.
ಕೊನೆಗೆ ಭಾವನೇ ಮಾಡಿಸಿದ
ವಿಮಾನದ ಟಿಕೆಟ್ಟು, ನನಗೊಂದು, ಅದಕ್ಕೊಂದು.
ಷರತ್ತು ಇಷ್ಟೇ: ಡಬ್ಬವೂ ಸೇರಿ ಏಳು ಕೆಜಿ.

ಕಾಟದ ಮೇಲಿಟ್ಟೆ. ಏಳು ನಾನೂರು.
ಮೂಟೆ ಇಳಿಸುತ್ತಿದ್ದ ಹೊಂಬಾಳಯ್ಯ
"ಬಾಲ ಕುಯ್ದ್‌ಬುಡಿ ಅಣ್ಣ" ಅಂತ ನಕ್ಕ.

ಇಪ್ಪತ್ತು ದಿನ ಮೀನಿಲ್ಲ.
ಅದು ತಟ್ಟೆ ನೋಡುತ್ತಿತ್ತು, ಆಮೇಲೆ ನನ್ನ,
ಆಮೇಲೆ ಮತ್ತೆ ತಟ್ಟೆ.
ತಡೆಯಲಾರದೆ ನಾನೂ ಬಿಟ್ಟೆ.

ಪಶು ಆಸ್ಪತ್ರೆಯ ಡಾಕ್ಟರಮ್ಮ
ತಳಿ ಎಂಬಲ್ಲಿ ನಾಟಿ ಎಂದು ಬರೆದರು.
ಬಣ್ಣ ಎಂಬಲ್ಲಿ ಪೆನ್ನು ನಿಂತಿತು.
"ಬೆಲ್ಲ" ಅಂದೆ.
"ಯಾವ ಬೆಲ್ಲ?"
ಮಂಡ್ಯದ ಡಾಕ್ಟರು, ಹಾಗೇ ಕೇಳಬೇಕು.
"ಔಷಧಿ ಹಾಕದ್ದು ತಾಯಿ, ಕಪ್ಪಗಿನದು."
ಹಾರಲು ಯೋಗ್ಯ ಎಂದು ಸೀಲು ಬಿತ್ತು ಬೆಕ್ಕಿನ ಕಾಗದಕ್ಕೆ.
ನಾನೂ ಮೊದಲ ಸಲವೇ ಹಾರುವವನು,
ನನ್ನನ್ನು ಯಾರೂ ಪರೀಕ್ಷಿಸಲಿಲ್ಲ.

ಮೈಸೂರಿನಾಚೆ ಮಂಡಕಳ್ಳಿ.
ಕೌಂಟರಿನಲ್ಲಿ ಕೆಂಪು ಅಂಕಿ ಕುಣಿದು ನಿಲ್ಲುವ ಮೊದಲೇ
ಹೇಳಿದೆ: ಆರು ಒಂಬೈನೂರ ಅರವತ್ತು.
ಹುಡುಗಿ ಅಂಕಿ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು.

ತಪಾಸಣೆಗೆ ಡಬ್ಬ ಒಂದು ದಾರಿ, ಬೆಕ್ಕು ಇನ್ನೊಂದು.
ಎದೆಗವಚಿಕೊಂಡು ಬಾಗಿಲು ದಾಟಿದರೆ
ಕೀ ಎಂದಿತು ಯಂತ್ರ.
ಕೊರಳಲ್ಲಿ ಗೆಜ್ಜೆ. ಪುಷ್ಪ ಎಳೆಮಗುವಾಗಿದ್ದಾಗಿನ
ಕಾಲ್ಗೆಜ್ಜೆಯಿಂದ ಉಳಿದ ಒಂದೇ ಕಾಳು.
ಬಿಚ್ಚಿ ಜೇಬಿಗೆ ಹಾಕಿಕೊಂಡೆ.
ನನ್ನ ಅಂಗಿಯೊಳಗೆ ಹನ್ನೆಂಟು ಉಗುರು
ಒಂದೊಂದಾಗಿ ಇಳಿದವು.

ಮೇಲೆದ್ದಾಗ ಹೊಟ್ಟೆಯೊಳಗೆ
ತಕ್ಕಡಿಯ ಒಂದು ತಟ್ಟೆಯಿಂದ ಯಾರೋ
ಕಲ್ಲು ತೆಗೆದುಬಿಟ್ಟಂತೆ.
ಕೆಳಗೆ ಕಾವೇರಿ, ಮಡಿಸಿಟ್ಟ ಪಂಚೆಯ ಅಂಚಿನಷ್ಟು.
ಕಬ್ಬಿನ ಗದ್ದೆಗಳು, ಅಷ್ಟೂ ಬೆಲ್ಲ,
ಒಂದು ಹಿಡಿಗೆ ಹಿಡಿಯುತ್ತಿದ್ದವು.
ಕಣ್ಣು ಮುಚ್ಚಿಕೊಂಡೆ.
ಕಾಲ ಬಳಿ, ಬಲೆಯ ಕಿಂಡಿಯಲ್ಲಿ ಬೆರಳು ತೂರಿಸಿದೆ,
ಅದು ಹೆದರಿರಬಹುದೆಂದು.
ಮೂಸಿತು. ಮೀನಿಲ್ಲ. ಆದರೂ
ಒರಟು ನಾಲಗೆ ಒಮ್ಮೆ ಸವರಿ
ತಲೆಯಿಟ್ಟು ಮಲಗಿತು ಬೆರಳ ಮೇಲೆ.
ಮೋಡಕ್ಕೆ ವಿಮಾನ ನಡುಗಿದಾಗಲೆಲ್ಲ
ಜೇಬಿನ ಗೆಜ್ಜೆ ಸದ್ದು ಮಾಡುತ್ತಿತ್ತು.
ಬೆರಳು ತೆಗೆಯಲಿಲ್ಲ, ಮರಗಟ್ಟಿದರೂ.

ಬಾಗಿಲಲ್ಲೇ ನಿಂತಿದ್ದಳು.
"ಸೊರಗೋಗದಲ್ಲಣ್ಣ!" ಅಂದಳು, ಬೆಕ್ಕನ್ನು ನೋಡಿ.
ಅವಳು, ನನ್ನ ಕಣ್ಣಂದಾಜಿಗೆ,
ನಾಲ್ಕು ಕೆಜಿ ತುಂಬಿಕೊಂಡಿದ್ದಳು.
ಹೇಳಲಿಲ್ಲ.
ಭಾವ ನನ್ನ ಕೈಯಿಂದ ಡಬ್ಬ ಇಸಿದುಕೊಂಡು
ತಮಿಳಿನಲ್ಲಿ ಏನೋ ಅಂದ,
ಬಾರಂ ಎಂಬುದಷ್ಟು ತಿಳಿಯಿತು.
ಜೇಬಿನಿಂದ ಗೆಜ್ಜೆ ತೆಗೆದು ಅವನ ಅಂಗೈಯಲ್ಲಿಟ್ಟೆ:
ತೂಕಕ್ಕೆ ಇದನ್ನು ಸೇರಿಸಿಲ್ಲ.